ಮೇಡಂ ಉಡಿಯಲ್ಲಿ ಹೋದ ಕಂಪ್ಯೂಟರು

ಕಂಪ್ಯೂಟರನ್ನು ಯಾರೂ ಕದ್ದಿರಲಿಲ್ಲ. ಗಿರಿಜವ್ವ ಅದನ್ನು ಅಕ್ಕಿ, ಕೊಬ್ಬರಿ, ಉತ್ತತ್ತಿಯ ಜೊತೆ ಮೇಡಂ ಅವರ ಉಡಿಗೆ ಹಾಕಿ ಕಳಿಸಿದಳು. ನಾವು ಇಡೀ ಶಾಲೆಯ ಜನ ಪ್ರಸಾದದ ಮೇಲೆ ಕಣ್ಣಿಟ್ಟು ಪಕ್ಕದಲ್ಲೇ ನಿಂತಿದ್ದೆವು. ಆದದ್ದು ಇಷ್ಟೇ. ಊರಲ್ಲಿ ಇನ್ನೂ ಬೇರೆ ಬೇರೆ ಮಾತು ಓಡಾಡುತ್ತವೆ. ಆಡು ತಿಂದಿತ್ತು ಅನ್ನುವವರಿದ್ದಾರೆ, ದೇವರೇ ತಂದುಕೊಟ್ಟ ಅನ್ನುವವರೂ ಇದ್ದಾರೆ. ದೇವರು ತರಲಿಲ್ಲ. ನಾನು ಮತ್ತು ಗಿರಿಜವ್ವ ಧಾರವಾಡಕ್ಕೆ ಬಸ್ಸಿನಲ್ಲಿ ನಿಂತುಕೊಂಡು ಹೋದೆವು.

ನಾನು ನೀಲವ್ವ. ನಮ್ಮೂರು ಅಣ್ಣಿಗೇರಿಯಿಂದ ಅರ್ಧ ತಾಸಿನ ಹಾದಿ. ಊರಿನ ಹೈಸ್ಕೂಲಿನಲ್ಲಿ ಸಿಪಾಯಿಯಾಗಿದ್ದೆ. ಮೊದಲು ನನ್ನ ಗಂಡ ಸಿಪಾಯಿಯಾಗಿದ್ದ, ಅವನು ತೀರಿಕೊಂಡ ಮೇಲೆ ಆ ಕೆಲಸ ನನಗೆ ಬಂತು. ನಾಲ್ಕನೆಯ ಇಯತ್ತೆವರೆಗೆ ಓದಿದ್ದೇನೆ. ಬರೆಯಲು ಬರುತ್ತದೆ, ನಿಧಾನ. ನಿವೃತ್ತಿಯ ದಿನ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಬಾಳೆಹಣ್ಣು ಇನ್ನೂ ಕಾಯಿಯಾಗಿದ್ದವು. ಭಾಷಣ ಮಾಡಿದವರು ನನ್ನ ಸೇವೆ ಅಮೂಲ್ಯವಾದದ್ದು ಎಂದರು. ಏನು ಸೇವೆ ಎಂದು ಯಾರೂ ಹೇಳಲಿಲ್ಲ, ಏಕೆಂದರೆ ಯಾರಿಗೂ ಗೊತ್ತಿರಲಿಲ್ಲ. ಈಗ ನನ್ನ ಜಾಗಕ್ಕೆ ಬಂದ ಹುಡುಗಿ ಎರಡು ದಿನಕ್ಕೊಮ್ಮೆ ಮನೆಗೆ ಬಂದು ಅದು ಹೇಗೆ, ಇದು ಹೇಗೆ ಎಂದು ಕೇಳುತ್ತಾಳೆ. ಹೇಳಿ ಹೇಳಿ ಬಾಯಿ ಒಣಗಿತು. ಅದಕ್ಕೆ ಬರೆದಿಡುತ್ತಿದ್ದೇನೆ.

ನೇಮಕದ ಕಾಗದದಲ್ಲಿ ಗಂಟೆ ಬಾರಿಸುವುದು, ಕಸ ಹೊಡೆಯುವುದು, ನೀರು ತುಂಬುವುದು ಎಂದಿರುತ್ತದೆ. ಅದನ್ನು ನಂಬಬೇಡಿರಿ. ನಿಜವಾದ ಕೆಲಸ ಕೀಲಿ ಕಾಯುವುದು. ಕೀಲಿ ಯಾರ ಸೊಂಟದಲ್ಲಿದೆಯೋ ಅವರನ್ನು ಊರೆಲ್ಲ ಹುಡುಕುತ್ತದೆ, ಏನಾದರೂ ಕಳೆದರೆ ಊರೆಲ್ಲ ಅವರನ್ನೇ ನೋಡುತ್ತದೆ.

ಮೊದಲ ಸಲ ದೊಡ್ಡ ಕಂಪ್ಯೂಟರುಗಳು ಬಂದದ್ದು ಟ್ರ್ಯಾಕ್ಟರಿನಲ್ಲಿ. ಕೆಳಗೆ ಮೇವು ಹಾಸಿ, ಮೇಲೆ ಕೌದಿ ಹೊದಿಸಿ, ಹೊಸ ಸೊಸೆಯನ್ನು ತಂದ ಹಾಗೆ ತಂದರು. ಆಗಿನ ಹೆಡ್ ಮಾಸ್ತರು ಬಾಗಿಲಲ್ಲಿ ಕಾಯಿ ಒಡೆದು, ಕೋಣೆಯ ಕೀಲಿ ನನ್ನ ಕೈಗೆ ಕೊಟ್ಟು, "ನೀಲವ್ವಾ, ಯಾರಿಗೂ ಒಳಗ ಬಿಡಬ್ಯಾಡ. ಸವದಾವು" ಎಂದರು.

"ಹಂಗಾರ ಹುಡುಗರು ಯಾವಾಗ ಕಲೀತಾವ್ರಿ ಸರ?" ಎಂದೆ.

"ಇನಸ್ಪೆಕ್ಷನ್ ಬಂದಾಗ" ಎಂದರು.

ಅವರಿದ್ದಷ್ಟು ದಿನ ಆ ಕಂಪ್ಯೂಟರು ಸವೆಯಲಿಲ್ಲ. ನಾನೊಬ್ಬಳೇ ದಿನಾ ಒಳಗೆ ಹೋಗಿ ಧೂಳು ಒರೆಸುತ್ತಿದ್ದೆ. ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಗಾಳಿ ಬಿಟ್ಟರೆ ಹೊಲವೇ ಎದ್ದು ಕಿಟಕಿಯಿಂದ ಒಳಗೆ ಬರುತ್ತದೆ. ಹತ್ತಿ ಬಿಡಿಸುವ ಕಾಲದಲ್ಲಿ ಅರಳೆ ಬೇರೆ. ಮೇಜಿನ ಕೆಳಗಿರುವ ಆ ದೊಡ್ಡ ಪೆಟ್ಟಿಗೆಗೆ ಹಿಂದೆ ಫ್ಯಾನು, ಅದು ಅರಳೆಯನ್ನೆಲ್ಲ ಎಳೆದು ಎಳೆದು ಹೊಟ್ಟೆ ತುಂಬಿಸಿಕೊಳ್ಳುತ್ತಿತ್ತು. ಹುಬ್ಬಳ್ಳಿಯಿಂದ ರಿಪೇರಿಯವನು ಬಂದು ಪೆಟ್ಟಿಗೆ ಬಿಚ್ಚಿದಾಗ ಒಳಗೆ ದಿಂಬಿಗಾಗುವಷ್ಟು ಹತ್ತಿ. ಅವನು ಊದಿ ಊದಿ ಕೆಮ್ಮಿದ. ನಾನು ಸೈಕಲ್ ಪಂಪು ತಂದುಕೊಟ್ಟೆ. ಆಮೇಲೆ ಪ್ರತಿ ತಿಂಗಳೂ ಕಂಪ್ಯೂಟರಿಗೆ ಗಾಳಿ ಹೊಡೆಯುವುದು ನನ್ನ ಕೆಲಸವಾಯಿತು. ನೇಮಕದ ಕಾಗದದಲ್ಲಿ ಇದೂ ಇರಲಿಲ್ಲ.

ಎರಡನೆಯ ಹೆಡ್ ಮಾಸ್ತರು ಒಕ್ಕಲುತನದ ಮನೆಯವರು. ಅವರ ಮೊದಲ ದಸರೆಯಲ್ಲಿ ಆಯುಧ ಪೂಜೆಗೆ ಮುಂಚೆ ಎಲ್ಲಾ ಕಂಪ್ಯೂಟರು ತೊಳೆಯಬೇಕೆಂದರು.

"ನೀರು ಹತ್ತಿದ್ರ ಸಾಯ್ತಾವ್ರಿ ಸರ" ಎಂದು ಗಣಿತದ ಮಾಸ್ತರು ಹೇಳಿದರು.

"ಟ್ರ್ಯಾಕ್ಟರ್ ತೊಳೀತೀವಿ, ಪಂಪ್‌ಸೆಟ್ ತೊಳೀತೀವಿ, ಇವೇನು ಅವಕ್ಕಿಂತ ನಾಜೂಕೇನು? ಒದ್ದಿ ಅರಿವಿಲೆ ಒಳಗ ಒರಸ್ರಿ, ಅಷ್ಟ."

ಒರೆಸಿದರು. ಎರಡು ಮತ್ತೆಂದೂ ಮಾತಾಡಲಿಲ್ಲ. ಹಳೆಯದಾಗಿ ನಿಂತಿವೆ ಎಂದು ಹೆಡ್ ಮಾಸ್ತರು ಮೇಲಿನವರಿಗೆ ಬರೆದರು. ಕುಂಕುಮ ಹಚ್ಚಿದ ಹಾಗೇ ಹೊರಗಿನ ಶೆಡ್ಡಿಗೆ ಹೊತ್ತು ಹಾಕಿದೆವು.

ಉಳಿದವುಗಳಲ್ಲಿ ಹುಡುಗರು, ಹುಡುಗಿಯರು ಕಲಿತರು ಎನ್ನಿ. ಆದರೆ ಕರೆಂಟು ಯಾವ ಹೊತ್ತಿಗೆ ಹೋಗುತ್ತದೆಂದು ಕರೆಂಟಿನವರಿಗೂ ಗೊತ್ತಿರುತ್ತಿರಲಿಲ್ಲ. ಒಂದು ತಾಸು ಕುಳಿತು ಬರೆದದ್ದು ಪಟ್ ಎಂದು ಹೋಗುತ್ತಿತ್ತು. ಹುಡುಗಿಯರು ಅಳುತ್ತಿದ್ದರು. ಇದರ ಮೇಲೆ ಜಗಳ ಬೇರೆ. ನನ್ನ ಬರಹ ಆ ಮೂಲೆಯ ಕಂಪ್ಯೂಟರಿನಲ್ಲಿದೆ, ಅದರ ಮೇಲೆ ಇವಳು ಕುಳಿತಿದ್ದಾಳೆ ಎಂದು ಜಡೆ ಹಿಡಿದು ಎಳೆದಾಡುವವರೆಗೆ ಹೋಗುತ್ತಿತ್ತು. ಬಿಡಿಸುವುದೂ ಸಿಪಾಯಿಯ ಕೆಲಸ.

ಮೂರನೆಯವರು ಪಾಟೀಲ ಸರ್. ಒಳ್ಳೆಯ ಮನುಷ್ಯ, ಆದರೆ ಫೋನಿನಲ್ಲಿ ದೊಡ್ಡವರ ದನಿ ಕೇಳಿದರೆ ಎದ್ದು ನಿಂತುಬಿಡುವವರು. ಅವರ ಕಾಲದಲ್ಲಿ ಒಂದು ಧರ್ಮಾರ್ಥ ಸಂಸ್ಥೆ ನಮ್ಮ ಶಾಲೆಗೆ ಹತ್ತು ಹೊಸ ಕಂಪ್ಯೂಟರು ಕೊಡುತ್ತದೆಂದು ಸುದ್ದಿ ಬಂತು. ಮಾಸ್ತರು ಮೊದಲಿನ ಹಾಗೆ ಟ್ರ್ಯಾಕ್ಟರ್ ಹೇಳಿ, ಮೇವು ಹಾಸಿ ಅಣ್ಣಿಗೇರಿಗೆ ಕಳಿಸಿದರು. ಶಾಲೆಯ ಕಮಿಟಿಯ ಚೇರ್ಮನ್ನರ ಹೆಂಡತಿ ಗಿರಿಜವ್ವ ಆರತಿ ಹಿಡಿದು ಗೇಟಿನಲ್ಲಿ ನಿಂತಿದ್ದಳು. ಟ್ರ್ಯಾಕ್ಟರು ಬಂತು. ಮೇವಿನ ನಡುವೆ ಸೀರೆ ಅಂಗಡಿಯ ಒಂದು ಕೈಚೀಲ.

ಗಿರಿಜವ್ವ ಒಳಗೆ ಕೈ ಹಾಕಿ ಒಂದು ಡಬ್ಬಿ ತೆಗೆದಳು. ಕರಿ ಡಬ್ಬಿ, ಅಂಗೈಯಲ್ಲಿ ಮುಚ್ಚಿ ಹಿಡಿಯಬಹುದು.

"ಇದೇನ್ರಿ, ನಮ್ಮತ್ತಿ ಎಲಿ ಅಡಕಿ ಡಬ್ಬಿ ಇದಕಿಂತ ದೊಡ್ಡದಿತ್ತು. ಕಂಪ್ಯೂಟರ್ ಎಲ್ಲಿ?"

"ಅದ ಕಂಪ್ಯೂಟರ್ರಿ" ಎಂದಳು ರೇಣುಕಾ ಟೀಚರ್.

ರೇಣುಕಾ ಅದೇ ವರ್ಷ ಬಂದವಳು. ಕಲಘಟಗಿ ಕಡೆಯ ದೇವಿಕೊಪ್ಪದ ಹುಡುಗಿ, ಇನ್ನೂ ಮದುವೆಯಾಗಿರಲಿಲ್ಲ. ಆ ಸಂಸ್ಥೆಯೇ ಡಬ್ಬಿಗಳ ಜೊತೆ ಅವಳನ್ನೂ ಕೊಟ್ಟಿತ್ತು. ಡಬ್ಬಿ ಇದ್ದರೆ ಅವಳ ಕೆಲಸ, ಡಬ್ಬಿ ಹೋದರೆ ಅವಳೂ ಹೋದಂತೆ. ಊರಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು, ಒಂದು ಟ್ರಂಕು, ಒಂದು ಸ್ಟೋವು ಇಟ್ಟುಕೊಂಡು ಇದ್ದಳು. ಹೆಚ್ಚು ಮಾತಿಲ್ಲ, ಆಡಿದ ಮಾತು ನೆಟ್ಟಗೆ.

ಪಾಟೀಲ ಸರ್ ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು. "ಇದರಾಗ ಹುಡುಗರ ಕೆಲಸ ಎಲ್ಲಾ ಹಿಡಿತೈತೇನು?"

"ಇದರಾಗ ಏನೂ ಇರಂಗಿಲ್ರಿ ಸರ. ಕೆಲಸ ಎಲ್ಲಾ ದೂರದ ಊರಾಗ ದೊಡ್ಡ ಯಂತ್ರದಾಗ ಇರ್ತೈತಿ. ಇದು ಅಲ್ಲಿಂದ ತಂದು ಪರದೆ ಮ್ಯಾಲ ತೋರಸ್ತೈತಿ ಅಷ್ಟ."

"ಅಲ್ಲಿ ಕರೆಂಟ್ ಹೋದ್ರ?"

"ಅಲ್ಲಿ ಹೋಗಂಗಿಲ್ರಿ."

"ಎಂಥಾ ಊರು ಅದು?" ಎಂದು ಮಾಸ್ತರು ಬಹಳ ಹೊತ್ತು ಯೋಚಿಸಿದರು.

ನಾನು ತಿಳಿದುಕೊಂಡದ್ದು ಹೀಗೆ. ಹಿಂದೆ ನಮ್ಮ ಕಡೆ ಜೋಳವನ್ನು ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ ಹಾಕಿ ಮುಚ್ಚುತ್ತಿದ್ದರು. ಮನೆಯಲ್ಲಿ ಇರುತ್ತಿದ್ದದ್ದು ಅಳೆಯುವ ಕೊಳಗ ಮಾತ್ರ. ಕೊಳಗ ಒಡೆದರೆ ಜೋಳಕ್ಕೇನೂ ಆಗುವುದಿಲ್ಲ. ಬೇರೆ ಕೊಳಗ ತಂದರಾಯಿತು. ಈ ಡಬ್ಬಿ ಕೊಳಗ. ಹಿಂದಿನ ದೊಡ್ಡ ಕಂಪ್ಯೂಟರಿನಲ್ಲಿ ಕೊಳಗವೂ ಅದೇ, ಕಾಳೂ ಅಲ್ಲೇ. ನೀರು ಬಿದ್ದರೆ ಎರಡೂ ಹೋದವು.

ಡಬ್ಬಿಗಳನ್ನು ಕೋಣೆಯಲ್ಲಿದ್ದ ಮಾನಿಟರುಗಳ ಬೆನ್ನಿಗೆ ಸಿಕ್ಕಿಸಿದರು. ಫ್ಯಾನಿಲ್ಲ, ಹತ್ತಿ ತಿನ್ನುವುದಿಲ್ಲ, ಸೈಕಲ್ ಪಂಪು ಬೇಡ. ಮಕ್ಕಳು ಯಾವ ಕುರ್ಚಿಯಲ್ಲಿ ಕುಳಿತು ಹೆಸರು ಹಾಕಿದರೂ ಅವರದೇ ಬರಹ ಮುಂದೆ ಬರುತ್ತಿತ್ತು. ಜಡೆ ಎಳೆದಾಟ ನಿಂತಿತು. ಕರೆಂಟು ಹೋಗಿ ಬಂದರೆ ಅರ್ಧಕ್ಕೆ ನಿಂತ ಸಾಲು ಅಲ್ಲೇ ನಿಂತಿರುತ್ತಿತ್ತು. ಅಳುವುದೂ ನಿಂತಿತು. ಹೊಸದಾಗಿ ಬಂದದ್ದು ಒಂದೇ ಕಷ್ಟ. ಗಟಾರ ತೋಡಲು ಬಂದ ಜೆಸಿಬಿ ನೆಟ್ಟಿನ ವೈರು ಹರಿದಾಗ ಹತ್ತೂ ಡಬ್ಬಿ ಒಮ್ಮೆಗೇ ಸುಮ್ಮನಾದವು. ಮಾಸ್ತರು ಜೆಸಿಬಿಯವನ ಮುಂದೆ ನಿಂತು, "ನಮ್ಮ ಹುಡುಗರ ಅಭ್ಯಾಸ ಹರದಿಯಲ್ಲೋ ತಮ್ಮಾ" ಎಂದರು. ಅವನು ಚಕ್ರದ ಕೆಳಗೆ ಬಗ್ಗಿ ನೋಡಿದ.

ಈಗ ಪೂಜೆಯ ಮಾತು.

ದಸರಾ ರಜೆಗೆ ಮುಂಚಿನ ಕೊನೆಯ ದಿನ ಶಾಲೆಯಲ್ಲಿ ಪೂಜೆ. ಡಬ್ಬಿ ಕೊಟ್ಟ ಸಂಸ್ಥೆಯ ಸುಲೋಚನಾ ಮೇಡಂ ಅದೇ ದಿನ ಕೋಣೆ ನೋಡಲು ಬಂದರು. ಹತ್ತೂ ನೋಡಿದರು, ಸಂತೋಷಪಟ್ಟರು. ಪೂಜೆಗೂ ನಿಂತರು. ಆಗ ಒಂದು ಚರ್ಚೆ ಎದ್ದಿತು. ದೊಡ್ಡ ಕಂಪ್ಯೂಟರ್ ಇದ್ದಾಗ ತಲೆಗೊಂದು ಹೂ, ಹಣೆಗೊಂದು ಕುಂಕುಮ ಇಟ್ಟರೆ ಮುಗಿಯುತ್ತಿತ್ತು. ಇವು ಬೆನ್ನಿಗೆ ಅಂಟಿಕೊಂಡು ಕುಳಿತಿವೆ. ಪೂಜೆ ಯಾವುದಕ್ಕೆ?

"ಪರದೆಗೆ ಮಾಡ್ರಿ, ನಡೀತೈತಿ" ಎಂದರು ಮಾಸ್ತರು.

"ಪರದೆ ಮುಂದ ಊದಿನಕಡ್ಡಿ ಹಚ್ಚಿ, ಕಂಪ್ಯೂಟರಿಗೆ ಬೆನ್ನು ತೋರಸೂದೇನ್ರಿ?" ಎಂದಳು ಗಿರಿಜವ್ವ.

ಅವಳ ಮಾತೇ ನಡೆಯಿತು. ಹತ್ತೂ ಡಬ್ಬಿ ಬಿಚ್ಚಿ, ಹಿತ್ತಾಳೆಯ ಪರಾತದಲ್ಲಿ ಎಲೆ ಹಾಸಿ ಒಂದೊಂದು ಎಲೆಯ ಮೇಲೆ ಒಂದೊಂದನ್ನು ಕೂಡಿಸಿದರು. ಗಿರಿಜವ್ವ ಮುಂದಿನದೊಂದನ್ನು ಆರಿಸಿ, ಹಸಿರು ಕುಬಸದ ಕಣವನ್ನು ನಿರಿಗೆ ಹಿಡಿದು ಅದಕ್ಕೆ ಸುತ್ತಿ, ಮುಖವಷ್ಟೇ ಕಾಣುವಂತೆ ಮಾಡಿ, ಮೇಲೆ ಸೇವಂತಿಗೆ ಇಟ್ಟಳು. ದೇವಿಯ ಹಾಗೆಯೇ ಇತ್ತು. ವಿಭೂತಿ, ಕುಂಕುಮ ಎಲ್ಲ ಆಯಿತು. ಮಂಗಳಾರತಿ ಆಯಿತು.

ಮನೆಗೆ ಬಂದ ಹೆಣ್ಣುಮಗಳಿಗೆ ಉಡಿ ತುಂಬದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಶಾಲೆಗೆ ಬಂದರೂ ಅಷ್ಟೇ. ಮೇಡಂ ಕುಂದಗೋಳ ಕಡೆ ಇನ್ನೊಂದು ಶಾಲೆಗೆ ಹೋಗಬೇಕೆಂದು ಅವಸರ ಮಾಡುತ್ತಿದ್ದರು. ಗಿರಿಜವ್ವ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಕೊಂಬು ಕೂಡಿಸಿಕೊಂಡು, "ಕಣ ಎಲ್ಲಿ? ಮಾಸ್ತರ ತಂದಿದ್ರಲ್ಲ, ಕಣ ಎಲ್ಲಿ?" ಎಂದು ಸುತ್ತ ನೋಡಿದಳು. ಮಾಸ್ತರು ಕಿಸೆ ಮುಟ್ಟಿಕೊಂಡರು. ಕಣ ಸಿಗಲಿಲ್ಲ. "ಇರ್ಲಿ ಬಿಡ್ರಿ, ದೇವರಿಗೆ ಏರಿಸಿದ್ದು ಇನ್ನೂ ಚಲೋ" ಎಂದವಳೇ ಪರಾತದ ಮೇಲಿನ ಹಸಿರು ಕಣವನ್ನು ಹೂ ಸಮೇತ ಒಂದೇ ಹಿಡಿತಕ್ಕೆ ಎತ್ತಿ, ಮೇಡಂ ಒಡ್ಡಿದ ಸೆರಗಿಗೆ ಹಾಕಿದಳು. ಮೇಲೆ ಕೊಬ್ಬರಿ ಬಿತ್ತು, ಅಕ್ಕಿ ಬಿತ್ತು. ಮೇಡಂ ತಲೆ ಬಗ್ಗಿಸಿ ಗಂಟು ಹಾಕಿಕೊಂಡು ಜೀಪು ಹತ್ತಿದರು. ಉಡಿಯನ್ನು ದಾರಿಯಲ್ಲಿ ಬಿಚ್ಚುವ ಹಾಗಿಲ್ಲ, ಮನೆಗೆ ಒಯ್ದು ದೇವರ ಮುಂದೆ ಬಿಚ್ಚಬೇಕು.

ಎಲ್ಲರೂ ಪ್ರಸಾದಕ್ಕೆ ಮುಗಿಬಿದ್ದರು. ಗೇಟು ತೆರೆದಿದ್ದರಿಂದ ಒಂದು ಆಡು ಒಳಗೆ ಬಂದು ಹೂವೆಲ್ಲ ತಿಂದಿತು. ಸಂಜೆ ರೇಣುಕಾ ಡಬ್ಬಿಗಳನ್ನು ವಾಪಸು ಸಿಕ್ಕಿಸುತ್ತ ಬಂದಳು. ಕೊನೆಯ ಮಾನಿಟರಿನ ಬೆನ್ನು ಖಾಲಿ.

ಹೂವಿನ ಬುಟ್ಟಿ ನೋಡಿದೆವು, ಪ್ರಸಾದದ ಪಾತ್ರೆ ನೋಡಿದೆವು, ಕಸದ ಗುಂಡಿಗೆ ಇಳಿದು ನೋಡಿದೆವು. ಆಡಿನ ಮಾಲೀಕನನ್ನು ಕರೆಸಿದರು. ಅವನು ಆಡಿನ ಹೊಟ್ಟೆ ಒತ್ತಿ ತೋರಿಸಿದ.

ಪಾಟೀಲ ಸರ್ ಕೇಳಿದರು, "ಹುಡುಗರ ಕೆಲಸ ಎಷ್ಟು ಹೋತು?"

"ಏನೂ ಹೋಗಿಲ್ರಿ ಸರ, ಎಲ್ಲಾ ಐತಿ" ಎಂದಳು ರೇಣುಕಾ.

"ಹಂಗಾರ ಹೋಗಿದ್ದೇನು?"

"ಡಬ್ಬಿರಿ."

"ಡಬ್ಬಿಯಾಗ ಏನಿತ್ತು?"

"ಏನೂ ಇರಲಿಲ್ರಿ."

"ಮತ್ಯಾಕ ಹಿಂಗ ಹೆದರಿ ಬಿಟ್ಟಿ?"

ಹೆದರುವುದಕ್ಕೆ ಕಾರಣವಿತ್ತು. ಯಾರೂ ಹೇಳುವ ಮೊದಲು ಅವಳೇ ಮೇಡಂಗೆ ಫೋನು ಮಾಡಿ ತಿಳಿಸಿದಳು. ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು.

"ಸಣ್ಣದೈತಿ ಅಂತ ಯಾರೋ ಕಿಸೆಕ್ಕ ಇಳಿಸ್ಯಾರ ರೇಣುಕಾ. ಕೀಲಿ ಯಾರ ಕಡೆ ಇರ್ತೈತಿ?"

"ನನ್ನ ಕಡೆ ಒಂದು, ನೀಲವ್ವರ ಕಡೆ ಒಂದ್ರಿ."

"ರಜಾ ಮುಗಿಯೂದರಾಗ ಸಿಗಬೇಕು. ಇಲ್ಲಾಂದ್ರ ಪೊಲೀಸರಿಗೆ ಕಂಪ್ಲೇಂಟು ಕೊಡ್ತೀವಿ. ಉಳಿದವನ್ನ ಬ್ಯಾರೆ ಶಾಲಿಗೆ ಕೊಡ್ತೀವಿ. ನಿನ್ನ ವಿಚಾರಾನೂ ಮಾಡಬೇಕಾಗ್ತೈತಿ."

ನನ್ನನ್ನು ಯಾರೂ ಸಂಶಯಪಡಲಿಲ್ಲ. ಮರ್ಯಾದೆಗೆ ಅಲ್ಲ. ಈ ಮುದುಕಿಗೆ ಅದನ್ನು ಕದ್ದು ಏನು ಮಾಡಬೇಕೆಂದು ಗೊತ್ತಿಲ್ಲ ಎಂದು. ಉಳಿದವಳು ರೇಣುಕಾ. ಎಲ್ಲರಿಗಿಂತ ಜೋರು ಮಾತು ಗಿರಿಜವ್ವನದು. ಹಿಟ್ಟಿನ ಗಿರಣಿಯಲ್ಲಿ ನಿಂತು, "ಪರ ಊರಾಕಿ, ಟ್ರಂಕಿನಾಗ ಏನೈತಿ ಅಂತ ಯಾರು ನೋಡ್ಯಾರ?" ಎಂದಳು. ಮರುದಿನವೇ ನಾಲ್ಕು ಜನ ಹೆಂಗಸರು ರೇಣುಕಾಳ ಬಾಗಿಲಿಗೆ ಹೋದರು. ಮೇಡಂ ಹೇಳಿದ್ದಾರೆ, ವಿಚಾರ ಮಾಡಬೇಕು ಎಂದರು. ರೇಣುಕಾ ತಾನೇ ಟ್ರಂಕು ಎಳೆದು ತಂದು ಅಂಗಳದಲ್ಲಿ ತೆರೆದಿಟ್ಟಳು. ನಾಲ್ಕು ಜೊತೆ ಬಟ್ಟೆ, ಪುಸ್ತಕ, ಅವಳವ್ವ ಕಟ್ಟಿಕೊಟ್ಟ ಅವಲಕ್ಕಿ. ಅವಲಕ್ಕಿಯ ಒಳಗೂ ಕೈ ಹಾಕಿ ನೋಡಿದರು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳು ಬಟ್ಟೆ ಮಡಚಿ ಮತ್ತೆ ಟ್ರಂಕಿಗೆ ಇಡುತ್ತಿದ್ದಳು. ಸ್ಟೋವನ್ನೂ ಇಟ್ಟಳು.

"ಡಬ್ಬಿ ಸಿಗಲಿ ಬಿಡಲಿ, ಈ ಊರಾಗ ನಾ ಇರಂಗಿಲ್ರಿ ನೀಲವ್ವಾರ. ಶಾಲಿ ಸುರು ಆದ ದಿನ ಕೀಲಿ ಕೊಟ್ಟು ಹೋಗ್ತೀನಿ" ಎಂದಳು.

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಶಾಲೆಗೆ ಹೋಗಿ ಕಸ ಹೊಡೆಯತೊಡಗಿದೆ. ರಜೆಯಲ್ಲಿ ಜೇಡರ ಬಲೆ ತೆಗೆಯುವುದು ವಾಡಿಕೆ. ಕಂಪ್ಯೂಟರ್ ಕೋಣೆಯ ಕಿಟಕಿಯ ಕಟ್ಟೆಯ ಮೇಲೆ, ಪರದೆ ಬಟ್ಟೆಯ ಹಿಂದೆ, ಅಂಗಡಿಯ ಕಾಗದದಲ್ಲಿ ಸುತ್ತಿದ ಒಂದು ಪುಡಿಕೆ ಸಿಕ್ಕಿತು. ಬಿಚ್ಚಿದರೆ ಕೆಂಪು ಕಣ, ಗುಂಡುಪಿನ್ನು ಚುಚ್ಚಿದ್ದು ಹಾಗೇ ಇತ್ತು. ಮಾಸ್ತರು ತಂದದ್ದು. ಹಾಗಾದರೆ ಮೇಡಂ ಉಡಿಗೆ ಬಿದ್ದ ಕಣ ಯಾವುದು? ಹಸಿರು. ಹಸಿರು ಕಣದೊಳಗೆ ಏನಿತ್ತು? ನಾನು ಕಸಬರಿಗೆ ಅಲ್ಲೇ ಬಿಟ್ಟು ಮಾಸ್ತರ ಮನೆಗೆ ನಡೆದೆ.

ಪಾಟೀಲ ಸರ್ ಕೇಳಿ ಕುಳಿತುಬಿಟ್ಟರು. "ಹೆಂಗ ಕೇಳೂದು ನೀಲವ್ವಾ? ಮೇಡಂ, ನಿಮ್ಮ ಉಡಿ ಬಿಚ್ಚಿ ತೋರಸ್ರಿ ಅಂತ ಗಂಡಸು ನಾ ಹೆಂಗ ಅನ್ನಲಿ?"

"ಫೋನಿನ್ಯಾಗ ಅನ್ರಿ, ಮಾರಿ ಕಾಣಂಗಿಲ್ಲ."

ಫೋನು ಹಚ್ಚಿದರು. ಮೇಡಂ ದನಿ ಕೇಳಿದ ಕೂಡಲೇ ಎದ್ದು ನಿಂತರು. "ನಮಸ್ಕಾರ್ರಿ ಮೇಡಂ. ಹಬ್ಬ ಜೋರೇನ್ರಿ? ಮನ್ಯಾಗ ಎಲ್ಲಾ ಆರಾಮ? ಹೌದ್ರಿ. ಹೌದ್ರಿ. ಹುಡುಕಾಕತ್ತೀವ್ರಿ. ಇಡ್ತೀನ್ರಿ." ಇಟ್ಟರು.

ಅಲ್ಲಿಂದ ಗಿರಿಜವ್ವನ ಮನೆಗೆ ಹೋದೆ. ಕೆಂಪು ಕಣವನ್ನು ಅವಳ ಮುಂದೆ ಒಗೆದೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. ಸೆರಗಿನ ಅಂಚು ತಿರುವಿದಳು.

"ಕೈಗೆ ಭಾರ ಹತ್ತಿತ್ತು ಬೇ. ಕೊಬ್ಬರಿ ಅಂತ ತಿಳದಿದ್ದೆ."

"ಈಗ ಏನ್ ಮಾಡ್ತಿ?"

"ಏನ್ ಮಾಡೂದು? ಉಡಿಗೆ ಹಾಕಿದ್ದು ತಿರಗಿ ಬೇಡಬಾರದು. ಬೇಡಿದ್ರ ನನ್ನ ಮನಿಗೂ ಚಲೋ ಅಲ್ಲ, ಅವರ ಮನಿಗೂ ಅಲ್ಲ."

"ಆ ಹುಡುಗಿ ಮನಿಗೆ ಮಾತ್ರ ಚಲೋ ಏನು? ಕೇಳು ಗಿರಿಜಾ. ನಾ ಗಂಡ ಸತ್ತಾಕಿ, ನನ್ನ ಕೈಲೆ ಯಾರೂ ಉಡಿ ತುಂಬಿಸ್ಕೊಳ್ಳಂಗಿಲ್ಲ. ನೀ ಬಂದ್ರ, ಮೇಡಂಗ ಕೆಂಪು ಕಣ ಕೊಡೂದು ಉಳದಿತ್ತು, ಅದಕ ಬಂದೀವಿ ಅಂತ ಹೇಳೂಣು. ನೀ ಬರಲಿಲ್ಲಂದ್ರ, ನಾ ಒಬ್ಬಾಕೆ ಹೋಗಿ ಇದ್ದದ್ದು ಇದ್ದಂಗ ಹೇಳ್ತೀನಿ. ಬರೂಮುಂದ ಗಿರಣಿ ಮುಂದ ಇಳೀತೀನಿ."

ಗಿರಿಜವ್ವ ಎದ್ದು ಚಲೋ ಸೀರೆ ಉಟ್ಟಳು.

ಹಬ್ಬದ ಗದ್ದಲ, ಬಸ್ಸಿನಲ್ಲಿ ಕೂರಲು ಜಾಗವಿಲ್ಲ. ಹುಬ್ಬಳ್ಳಿಯವರೆಗೆ ಗಿರಿಜವ್ವ ಒಂದೇ ಮಾತು ಹೇಳುತ್ತ ಬಂದಳು, "ಕಂಪ್ಯೂಟರ್ ಅಂದ್ರ ಕಂಪ್ಯೂಟರಿನಂಗ ಇರಬೇಕು. ಹಿಂಗ ಕಣದಾಗ ಹೋಗೂವಂಥಾದ್ದು ಯಾಕ ಮಾಡಬೇಕು?" ಒಳಗೊಳಗೆ ನನಗೂ ಹಾಗೇ ಅನಿಸಿತ್ತು.

ಧಾರವಾಡದಲ್ಲಿ ಮೇಡಂ ಮನೆಯ ಬಾಗಿಲು ತೆರೆದದ್ದು ಅವರ ಅತ್ತೆ. ನನಗಿಂತ ದೊಡ್ಡವರು, ನೆಟ್ಟಗೆ ನಿಂತಿದ್ದರು. ಉಡಿ ತುಂಬಲು ಬಂದಿದ್ದೇವೆ ಎಂದ ಕೂಡಲೇ ಒಳಗೆ ಕರೆದು ಚಹಾ ಇಟ್ಟರು. ಮೇಡಂ ಕೋಣೆಯೊಳಗೆ ಫೋನಿನಲ್ಲಿ ಮಾತಾಡುತ್ತಿದ್ದರು. ನಾನು ದೇವರ ಜಗಲಿಯ ಕಡೆ ನೋಡಿದೆ. ಅಲ್ಲಿ, ಎರಡು ಬೆಳ್ಳಿ ಮೂರ್ತಿಗಳ ನಡುವೆ, ಹಸಿರು ಕಣದ ಮೇಲೆ, ಮೈತುಂಬ ವಿಭೂತಿ ಕುಂಕುಮ ಹಚ್ಚಿಕೊಂಡು ನಮ್ಮ ಡಬ್ಬಿ ಕುಳಿತಿತ್ತು. ತಲೆಯ ಮೇಲೆ ಆ ದಿನದ ಹೊಸ ಹೂ.

ಗಿರಿಜವ್ವನೂ ನೋಡಿದಳು. ಚಹಾದ ಕಪ್ಪು ಕೆಳಗಿಟ್ಟಳು.

"ಅದೇನ್ರಿ ಅಮ್ಮಾರ, ಜಗಲಿ ಮ್ಯಾಲಿಂದು?" ಎಂದು ಕೇಳಿದೆ.

"ಅದಾ? ನಮ್ಮ ಸೊಸಿ ಉಡಿಯಾಗ ಬಂದದ್ರಿ. ಯಾವದೋ ಶಾಲ್ಯಾಗ ಪೂಜಿ ಮಾಡಿ ಕೊಟ್ಟಾರ. ಯಾವ ದೇವರೋ ಗೊತ್ತಾಗಲಿಲ್ಲ. ಯಾವ ದೇವರಾದ್ರೇನು, ಉಡಿಯಾಗ ಬಂದೈತಿ ಅಂತ ಕೂಡಿಸೀನಿ."

"ಮೇಡಂ ನೋಡಿಲ್ಲೇನ್ರಿ?"

"ದಿನಾ ಕೈ ಮುಗೀತಾಳ. ಕಣ್ಣು ಮುಚ್ಚಿ."

ಅಷ್ಟರಲ್ಲಿ ಮೇಡಂ ಹೊರಗೆ ಬಂದರು. ನಮ್ಮನ್ನು ನೋಡಿ ಹುಬ್ಬು ಗಂಟಿಕ್ಕಿದರು. "ಸಿಕ್ಕೈತೇನು?"

"ಸಿಕ್ಕೈತ್ರಿ" ಎಂದು ಜಗಲಿಯ ಕಡೆ ಕೈ ತೋರಿಸಿದೆ.

ಮೇಡಂ ಹತ್ತಿರ ಹೋಗಿ ಬಗ್ಗಿ ನೋಡಿದರು. ಕುಂಕುಮದ ಒಳಗಿಂದ ವೈರು ಸಿಕ್ಕಿಸುವ ತೂತುಗಳು ಕಾಣುತ್ತಿದ್ದವು. ಕೋಣೆಗೆ ಹೋಗಿ ಕನ್ನಡಕ ಹಾಕಿಕೊಂಡು ಬಂದು ಮತ್ತೆ ನೋಡಿದರು. ಆಮೇಲೆ ಕುರ್ಚಿಯ ಮೇಲೆ ಕುಳಿತು ತಡೆಯಲಾರದೆ ನಕ್ಕುಬಿಟ್ಟರು. ನಗುತ್ತಲೇ ಇದ್ದವರು ಒಮ್ಮೆಲೇ ನಿಲ್ಲಿಸಿ, "ಕಂಪ್ಲೇಂಟು ಬರದಿಟ್ಟೀನಿ. ರೇಣುಕಾನ ಹೆಸರು ಹಾಕೀನಿ" ಎಂದರು.

"ಆಕಿ ಟ್ರಂಕೂ ತಗದು ನೋಡ್ಯಾರ್ರಿ" ಎಂದೆ. ಗಿರಿಜವ್ವ ನೆಲ ನೋಡಿದಳು.

ಮೇಡಂ ಎದ್ದು ಡಬ್ಬಿಗೆ ಕೈ ಹಾಕಿದರು. ಅತ್ತೆ ತಡೆದರು. "ತಡಿ. ಉಡಿಯಾಗ ಬಂದದ್ದನ್ನ ಹಂಗ ತಿರಗಿ ಕೈಯಾಗ ಕೊಡೂದಿಲ್ಲ."

"ಅತ್ತೀ, ಅದು ಶಾಲಿ ಕಂಪ್ಯೂಟರು."

"ಕಂಪ್ಯೂಟರ್ ಇರಲಿ, ಕಲ್ಲಿರಲಿ. ಉಡಿಯಾಗ ಬಂದದ್ದು ಉಡಿಯಾಗ ಹೋಗಬೇಕು. ನೀ ಹೆಸರು ಹಾಕಿದಿಯಲ್ಲ, ಆ ಹುಡುಗಿಗೆ ತುಂಬು. ನೀನ ಹೋಗಿ, ನಿನ್ನ ಕೈಲೆ."

ಶಾಲೆ ಮತ್ತೆ ತೆರೆದ ದಿನ ಮೇಡಂ ಬಂದರು. ಕುಮಾರಿಗೂ ಉಡಿ ತುಂಬುತ್ತಾರೆ, ಅದಕ್ಕೆ ತಕರಾರಿಲ್ಲ. ಕಂಪ್ಯೂಟರ್ ಕೋಣೆಯಲ್ಲಿ ಮಣೆ ಹಾಕಿ ರೇಣುಕಾಳನ್ನು ಕೂಡಿಸಿದೆವು. ಅವಳು ಚೂಡಿದಾರದಲ್ಲಿದ್ದಳು. ಮೇಡಂ ಕೆಂಪು ಕಣದಲ್ಲಿ ಡಬ್ಬಿ ಇಟ್ಟುಕೊಂಡು ಮುಂದೆ ನಿಂತರು. ರೇಣುಕಾ ವೇಲು ಒಡ್ಡಲಿಲ್ಲ.

"ಒಡ್ಡವ್ವಾ" ಎಂದರು ಮೇಡಂ.

"ನಮ್ಮವ್ವ ಕಟ್ಟಿಕೊಟ್ಟ ಅವಲಕ್ಕ್ಯಾಗೂ ಕೈ ಹಾಕಿ ನೋಡ್ಯಾರ್ರಿ ಮೇಡಂ."

ಗಿರಿಜವ್ವ ನನ್ನ ಬೆನ್ನ ಹಿಂದೆ ಸರಿದಳು.

"ನಾ ಫೋನಿನ್ಯಾಗ ಆಡಿದ ಮಾತಿಗೆ ನೋಡ್ಯಾರ" ಎಂದರು ಮೇಡಂ. "ಆ ಮಾತು ನಂದು. ಅದಕ ನಾನ ಬಂದೀನಿ."

ರೇಣುಕಾ ವೇಲು ಒಡ್ಡಿದಳು. ಮೇಡಂ ಕಣ ಹಾಕಿದರು, ಕೊಬ್ಬರಿ ಹಾಕಿದರು, ಬೊಗಸೆಯಲ್ಲಿ ಅಕ್ಕಿ ಹಾಕಿದರು. ರೇಣುಕಾ ಗಂಟು ಕಟ್ಟಿಕೊಂಡು ಎದ್ದಳು. ಕೋಣೆಯ ಕೀಲಿಯನ್ನು ಮೇಜಿನ ಮೇಲೆ ಇಟ್ಟು, ಉಡಿ ಹಿಡಿದುಕೊಂಡು, ಗೇಟು ದಾಟಿ ತನ್ನ ಕೋಣೆಗೆ ಹೊರಟುಹೋದಳು.

ಪಾಟೀಲ ಸರ್ ಒಂದು ಹೆಜ್ಜೆ ಮುಂದಿಟ್ಟು ನಿಂತರು. "ಮತ್ತ ಹೋತಲ್ಲ ನೀಲವ್ವಾ. ನಾಳೆ ಆಕಿ ಬಸ್ ಹತ್ತಿದ್ರ?"

"ಬೇಡಾಕ ಬರಂಗಿಲ್ರಿ ಸರ" ಎಂದಳು ಗಿರಿಜವ್ವ, ಬಹಳ ಮೆಲ್ಲಗೆ. ಮೇಡಂ ಕಂಪ್ಲೇಂಟಿನ ಕಾಗದವನ್ನು ಹರಿದು ನನ್ನ ಕಸದ ಬುಟ್ಟಿಗೆ ಹಾಕಿ ಜೀಪು ಹತ್ತಿದರು.

ಮರುದಿನ ಬೆಳಿಗ್ಗೆ ಗಂಟೆ ಬಾರಿಸುವುದಕ್ಕೆ ಮುಂಚೆ ನಾನು ರೇಣುಕಾಳ ಕೋಣೆಗೆ ಹೋದೆ. ಟ್ರಂಕಿಗೆ ಹಗ್ಗ ಬಿಗಿದಿತ್ತು. ಅದರ ಮೇಲೆ ಉಡಿಯ ಗಂಟು, ಬಿಚ್ಚಿರಲಿಲ್ಲ. ಅವಳು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲೇ ಕುಳಿತಿದ್ದಳು.

"ಯಾಕ ಬಿಚ್ಚಿಲ್ಲ?" ಎಂದು ಕೇಳಿದೆ.

"ಮನಿಗೆ ಒಯ್ದು ಬಿಚ್ಚಬೇಕಲ್ರಿ."

"ಹೌದು. ಮನಿ ಯಾವುದು ಅಂತ ನೀನ ಹೇಳು. ದೇವಿಕೊಪ್ಪ ಅಂದ್ರ ಟ್ರಂಕಿನ ಆ ಕಡೆ ಹಿಡಿ, ಸ್ಟ್ಯಾಂಡಿನ ತನಕ ನಾನೂ ಬರ್ತೀನಿ. ಅಲ್ಲಾ ಅಂದ್ರ ಲಗೂ ಬಿಚ್ಚು, ಗಂಟಿ ಹೊಡಿಯೂ ವ್ಯಾಳೆ ಆಗೈತಿ."

ಅವಳು ಟ್ರಂಕಿನ ಕಡೆ ನೋಡಿದಳು. ರಸ್ತೆಯ ಕಡೆ ನೋಡಿದಳು. ಆಮೇಲೆ ಒಳಗೆ ಹೋಗಿ ಚಪ್ಪಲಿ ಬಿಟ್ಟು ನೆಲದ ಮೇಲೆ ಕುಳಿತು ಗಂಟು ಬಿಚ್ಚಿದಳು. ಅಕ್ಕಿಯನ್ನು ಒಂದು ಪಾತ್ರೆಗೆ ಸುರಿದಳು. ಡಬ್ಬಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ತೂತುಗಳಲ್ಲೆಲ್ಲ ಕುಂಕುಮ ಹೆಪ್ಪುಗಟ್ಟಿತ್ತು.

"ಇದಕ ವೈರು ಹತ್ತಂಗಿಲ್ರಿ ನೀಲವ್ವಾರ" ಎಂದಳು.

ನಾನು ಸೆರಗಿಗೆ ಚುಚ್ಚಿಕೊಂಡಿದ್ದ ಪಿನ್ನು ತೆಗೆದು ಅವಳ ಕೈಗೆ ಕೊಟ್ಟು, ಗಂಟೆ ಬಾರಿಸಲು ಹೋದೆ.